ಕೋಲಿನ ತಳವೂ ನೆಲದ ಗುಣವೂ

ಗಾಲ್ಫ್ ಆಟವು ಈ ದೇಶಕ್ಕೆ ಹೊಸದೇನೂ ಅಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿಯೇ ಇದಕ್ಕೊಂದು ಸಂಘವೇರ್ಪಟ್ಟಿತು; ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿ ಹುಟ್ಟಿತು. ಆದರೂ ಈ ಆಟದ ಉದ್ದನೆಯ ಚೀಲವೊಂದು ಮನೆಯ ಹೊಸ್ತಿಲು ದಾಟಿ ಒಳಕ್ಕೆ ಬಂದಾಗ ಮನೆಯವರು ಅದನ್ನು ನೋಡುವ ನೋಟದಲ್ಲಿ ಇಂದಿಗೂ ಒಂದು ಬಗೆಯ ಸಂಶಯವಿದ್ದೇ ಇರುತ್ತದೆ. ನಿಯಮದಂತೆ ಆ ಚೀಲದಲ್ಲಿ ಹದಿನಾಲ್ಕು ಕೋಲುಗಳವರೆಗೆ ಇರಬಹುದು. ಅವುಗಳಲ್ಲಿ ಉದ್ದವಾದ ಒಂದೆರಡನ್ನು ಮನೆಯೊಡತಿ ಹೇಗೋ ಕ್ಷಮಿಸಿಯಾಳು. ಕೊನೆಯಲ್ಲಿರುವ, ಗಿಡ್ಡನೆಯ, ಒಂದೇ ತಾಯಿಯ ಮಕ್ಕಳಂತೆ ಕಾಣುವ ಮೂರು ನಾಲ್ಕು ಕಬ್ಬಿಣದ ಕೋಲುಗಳನ್ನು ಕಂಡಾಗ ಮಾತ್ರ ಆಕೆ ಸುಮ್ಮನಿರಲಾರಳು. “ಒಂದೇ ಬಗೆಯವು ನಾಲ್ಕು ಏಕೆ?” ಎಂಬ ಪ್ರಶ್ನೆ ಬರುತ್ತದೆ, ಪ್ರತಿಯೊಂದರ ಬೆಲೆ ಎಷ್ಟೆಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಎರಡನೆಯದಕ್ಕೆ ಉತ್ತರ ಹೇಳಿ ಬದುಕಿದವರು ವಿರಳ. ಮೊದಲನೆಯದಕ್ಕೆ ಉತ್ತರವನ್ನು ಆಕೆಯ ಅಡಿಗೆಮನೆಯಲ್ಲಿಯೇ ಹುಡುಕಬಹುದು. ಹುಳಿ ಬಡಿಸುವ ಸೌಟು, ಅನ್ನದ ಕೈ, ಬೋಂಡ ಎತ್ತುವ ತೂತಿನ ಸೌಟು, ದೋಸೆ ಮಗುಚುವ ಕೈ, ಇವೆಲ್ಲ ಗಂಡಸಿನ ಕಣ್ಣಿಗೆ ಒಂದೇ. ಹುಳಿಯ ಸೌಟಿನಿಂದ ದೋಸೆ ಮಗುಚಲು ಹೋದವನಿಗೆ ಮಾತ್ರ ಭೇದ ತಿಳಿಯುತ್ತದೆ.

ಈ ಗಿಡ್ಡ ಕೋಲುಗಳಿಗೆ ವೆಡ್ಜ್ ಎಂದು ಹೆಸರು. ವೆಡ್ಜ್ ಎಂದರೆ ಬೆಣೆ. ಚೆಂಡು ಗುಳಿಗೆ ನೂರು ಗಜದೊಳಗೆ ಬಂದ ಮೇಲೆ ಅದನ್ನು ದೂರಕ್ಕಟ್ಟುವ ಕೆಲಸ ಮುಗಿದಿರುತ್ತದೆ. ಇನ್ನು ಅದು ಮೇಲೆದ್ದು, ಗುಳಿಯ ಸುತ್ತಣ ನುಣ್ಣನೆಯ ಗ್ರೀನಿನ ಮೇಲೆ ಇಳಿದು, ಇಳಿದ ಜಾಗದಲ್ಲಿಯೇ ನಿಲ್ಲಬೇಕು. ಈ ಕೆಲಸಕ್ಕಾಗಿ ವೆಡ್ಜಿನ ಮುಖವನ್ನು ಹಿಂದಕ್ಕೆ ಬಾಗಿಸಿರುತ್ತಾರೆ. ಆ ಬಾಗಿನ ಅಳತೆಗೆ ಲಾಫ್ಟ್ ಎನ್ನುತ್ತಾರೆ. ಪಿಚಿಂಗ್ ವೆಡ್ಜಿಗೆ ಸುಮಾರು 44ರಿಂದ 48 ಡಿಗ್ರಿ, ಗ್ಯಾಪ್ ವೆಡ್ಜಿಗೆ 50ರಿಂದ 52, ಮರಳಿಗೆಂದು ಮಾಡಿದ ಸ್ಯಾಂಡ್ ವೆಡ್ಜಿಗೆ 54ರಿಂದ 58, ಎಲ್ಲಕ್ಕಿಂತ ಎತ್ತರಕ್ಕೆ ಹಾರಿಸುವ ಲಾಬ್ ವೆಡ್ಜಿಗೆ 60ರ ಆಸುಪಾಸು. ಕೊಳ್ಳುವವರೆಲ್ಲರೂ ಕೇಳುವುದು ಈ ಅಂಕಿಯನ್ನೇ. ಅಂಗಡಿಯವನು ಹೇಳುವುದೂ ಇದನ್ನೇ.

ಆದರೆ ಕೋಲಿನ ತಲೆಯ ಮೇಲೆ ಇನ್ನೊಂದು ಅಂಕಿಯೂ ಸಾಮಾನ್ಯವಾಗಿ ಕೆತ್ತಿರುತ್ತದೆ. 56ರ ಪಕ್ಕದಲ್ಲಿ 12 ಎಂದೋ 8 ಎಂದೋ ಕಾಣುವ ಈ ಸಣ್ಣ ಅಂಕಿಯನ್ನು ಬಹುಮಂದಿ ಕಾರ್ಖಾನೆಯ ಗುರುತೆಂದು ಭಾವಿಸಿ ಬಿಟ್ಟುಬಿಡುತ್ತಾರೆ. ಕೋಲನ್ನು ನೆಟ್ಟಗೆ ಹಿಡಿದು ತಲೆಯನ್ನು ಪಕ್ಕದಿಂದ ನೋಡಿದರೆ ಅದರ ತಳವು ಸಪಾಟವಾಗಿಲ್ಲವೆಂಬುದು ಗೊತ್ತಾಗುತ್ತದೆ. ಹಿಂದಿನ ಅಂಚು ಮುಂದಿನ ಅಂಚಿಗಿಂತ ಕೆಳಗೆ ಇಳಿದು, ತಳಕ್ಕೆ ಒಂದು ಹೊಟ್ಟೆ ಬಂದಂತಿರುತ್ತದೆ. ಈ ಇಳಿತದ ಕೋನವೇ ಬೌನ್ಸ್. ನಾಲ್ಕರಿಂದ ಆರು ಡಿಗ್ರಿಯಾದರೆ ಕಡಮೆ, ಏಳರಿಂದ ಹತ್ತು ಮಧ್ಯಮ, ಹತ್ತನ್ನು ಮೀರಿದರೆ ಹೆಚ್ಚು. ಮುಂದಿನ ಅಂಚು ನೆಲವನ್ನು ಕಡಿಯಲು ಹೊರಟರೆ ಈ ಹೊಟ್ಟೆಯು ಅದನ್ನು ತಡೆದು ಮೇಲಕ್ಕೆ ಜಾರಿಸುತ್ತದೆ. ಲಾಫ್ಟು ಚೆಂಡಿನ ವ್ಯವಹಾರವನ್ನು ನೋಡಿಕೊಳ್ಳುತ್ತದೆ, ಬೌನ್ಸು ನೆಲದ ವ್ಯವಹಾರವನ್ನು. ವೆಡ್ಜಿನ ಹೊಡೆತಗಳು ಕೆಡುವುದು ಬಹುಪಾಲು ನೆಲದಲ್ಲಿಯೇ ಆದ್ದರಿಂದ, ಆಯ್ಕೆಯೂ ಈ ಎರಡನೆಯ ಅಂಕಿಯಿಂದಲೇ ಮೊದಲಾಗತಕ್ಕದ್ದು.

ಈ ಹೊಟ್ಟೆ ಕೋಲಿಗೆ ಬಂದ ಕಥೆ ಸ್ವಾರಸ್ಯವಾದುದು. ಜೀನ್ ಸಾರಜೆನ್ ಎಂಬಾತ 1902ರಲ್ಲಿ ನ್ಯೂಯಾರ್ಕ್ ಸೀಮೆಯಲ್ಲಿ, ಇಟಲಿಯಿಂದ ಬಂದ ಒಬ್ಬ ಬಡಗಿಯ ಮಗನಾಗಿ ಹುಟ್ಟಿದನು. ತಂದೆತಾಯಿಗಳಿಟ್ಟ ಹೆಸರು ಯೂಜೀನಿಯೊ ಸರಚೇನಿ. ಸಿರಿವಂತರ ಚೀಲ ಹೊರುವ ಕ್ಯಾಡಿಯಾಗಿ ಆರಂಭಿಸಿ, 1922ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿಯೇ, ಅಮೆರಿಕದ ಓಪನ್ ಪಂದ್ಯವನ್ನು ಗೆದ್ದನು. ಅಂಥವನಿಗೂ ಒಂದು ಹೆದರಿಕೆಯಿತ್ತು: ಬಂಕರ್ ಎಂಬ ಮರಳುಗುಂಡಿ. ಆಗ ಮರಳಿನಿಂದ ಚೆಂಡು ಎತ್ತಲು ಬಳಸುತ್ತಿದ್ದ ನಿಬ್ಲಿಕ್ ಎಂಬ ಕೋಲಿನ ತಳ ತೆಳ್ಳಗೆ, ಅಂಚು ಹರಿತವಾಗಿತ್ತು. ಹೊಡೆತ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಅದು ಗುದ್ದಲಿಯಂತೆ ಮರಳಿನೊಳಗೆ ಇಳಿದು ಅಲ್ಲಿಯೇ ಹೂತುಕೊಳ್ಳುತ್ತಿತ್ತು. ಇದಕ್ಕೆ ಪರಿಹಾರವಾಗಿ ಕೆಲವರು ಮುಖವನ್ನು ಚಮಚದಂತೆ ಒಳಕ್ಕೆ ತಗ್ಗುಮಾಡಿದ ಕೋಲುಗಳನ್ನು ತಂದರು. ಅವು ಒಂದೇ ಹೊಡೆತದಲ್ಲಿ ಚೆಂಡನ್ನು ಎರಡು ಸಲ ಮುಟ್ಟುವ ಸಂಭವವಿದ್ದುದರಿಂದ 1931ರಲ್ಲಿ ನಿಷಿದ್ಧವಾದವು.

ಆ ಸುಮಾರಿನಲ್ಲಿ ಸಾರಜೆನ್ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದನಂತೆ. ಸಿರಿವಂತ ಹೋವರ್ಡ್ ಹ್ಯೂಸನ ಜೊತೆ ಹಾರಿದಾಗ, ವಿಮಾನದ ಬಾಲ ತಗ್ಗಿದೊಡನೆ ಮೂಗು ಮೇಲೇಳುವುದನ್ನು ಕಂಡು ತನಗೆ ಈ ಉಪಾಯ ಹೊಳೆಯಿತೆಂದು ಅವನೇ ಮುಂದೆ ಹೇಳುತ್ತಿದ್ದನು. ಫ್ಲಾರಿಡದ ತನ್ನ ಮನೆಯಲ್ಲಿ ಒಂದು ನಿಬ್ಲಿಕನ್ನು ತೆಗೆದುಕೊಂಡು, ಅದರ ತಳದ ಹಿಂಭಾಗಕ್ಕೆ ಸೀಸವನ್ನು ಬೆಸೆದು, ಉಜ್ಜಿ, ಮರಳಿನಲ್ಲಿ ಹೊಡೆದು ನೋಡಿ, ಮತ್ತೆ ಬೆಸೆದು, ಮತ್ತೆ ಉಜ್ಜಿದನು. ಬಡಗಿಯ ಮಗನಲ್ಲವೇ! ಕಡೆಗೆ ಕೋಲು ಮರಳಿನೊಳಗೆ ಹೂಳದೆ, ನೀರಿನ ಮೇಲೆ ಚಿಮ್ಮಿಸಿದ ಬಿಲ್ಲೆಕಲ್ಲಿನಂತೆ ಜಾರಿ ಹೊರಬರಲಾರಂಭಿಸಿತು. 1932ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ಬಳಿಯ ಪ್ರಿನ್ಸಸ್ ಮೈದಾನದಲ್ಲಿ ಬ್ರಿಟಿಷ್ ಓಪನ್ ನಡೆದಾಗ, ಅಧಿಕಾರಿಗಳು ಮೊದಲೇ ಕಂಡರೆ ನಿಷೇಧಿಸಿಬಿಟ್ಟಾರೆಂದು ಅಂಜಿ, ಆ ಕೋಲನ್ನು ಚೀಲದಲ್ಲಿ ತಲೆಕೆಳಗಾಗಿ ಇಟ್ಟುಕೊಂಡು ತಿರುಗಿದನೆಂದು ಪ್ರತೀತಿ. 283 ಹೊಡೆತಗಳಲ್ಲಿ ಪಂದ್ಯವನ್ನು ಮುಗಿಸಿ, ಎರಡನೆಯವನಿಗಿಂತ ಐದು ಹೊಡೆತ ಮುಂದಾಗಿ ಗೆದ್ದನು. ಅದೇ ವರ್ಷ ಅಮೆರಿಕದ ಓಪನ್ನೂ ಅವನದಾಯಿತು. 1999ರಲ್ಲಿ, ತೊಂಬತ್ತೇಳು ವರ್ಷದ ವೃದ್ಧನಾಗಿ, ಅವನು ತೀರಿಕೊಳ್ಳುವ ಹೊತ್ತಿಗೆ ಜಗತ್ತಿನ ಪ್ರತಿಯೊಂದು ಗಾಲ್ಫ್ ಚೀಲದಲ್ಲಿಯೂ ಅವನ ಸೀಸದ ತುಣುಕಿನ ಸಂತತಿ ಬೆಳೆದಿತ್ತು.

ಇಲ್ಲಿ ಗಮನಿಸಬೇಕಾದುದು ಆತನು ಮೊದಲು ನೋಡಿದ್ದೇನೆಂಬುದು. ಕೋಲಿನ ಹೊಳಪನ್ನಲ್ಲ, ಬೇರೆಯವರ ಕೋಲನ್ನಲ್ಲ. ತನ್ನ ಕೈ ಹೇಗೆ ಇಳಿಯುತ್ತದೆ, ಕೆಳಗಿನ ಮರಳು ಅದನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು. ಕೊಳ್ಳುವವನು ಸೀಸ ಬೆಸೆಯಬೇಕಾಗಿಲ್ಲ. ಕಾರ್ಖಾನೆಗಳು ಬಗೆಬಗೆಯ ತಳಗಳನ್ನು ಉಜ್ಜಿ, ಒಂದೊಂದಕ್ಕೆ ಒಂದೊಂದು ಅಕ್ಷರದ ಹೆಸರಿಟ್ಟು ಮಾರುತ್ತವೆ. ಆದರೆ ಆ ನೋಟವನ್ನು ಮಾತ್ರ ಅವು ಮಾರುವುದಿಲ್ಲ.

ಕೈಗಳು ಸ್ಥೂಲವಾಗಿ ಎರಡು ಬಗೆ. ಒಂದು ನೇಗಿಲಿನ ಕೈ. ಅದು ಕಡಿದಾಗಿ ಮೇಲಿನಿಂದ ಇಳಿದು, ಚೆಂಡನ್ನು ಹೊಡೆದು, ಅದರ ಮುಂದಿನ ಹುಲ್ಲನ್ನು ಬೇರುಸಮೇತ ಕಿತ್ತೆಸೆಯುತ್ತದೆ. ಇನ್ನೊಂದು ಪೊರಕೆಯ ಕೈ. ಅದು ಹುಲ್ಲಿನ ತುದಿಯನ್ನು ಸವರಿಕೊಂಡು ಚೆಂಡನ್ನು ಗುಡಿಸಿ ಸಾಗುತ್ತದೆ. ತನ್ನದು ಯಾವುದೆಂದು ತಿಳಿಯಲು ಗುರುಗಳು ಬೇಕಿಲ್ಲ. ಹೊಡೆದ ಜಾಗವನ್ನು ಬಗ್ಗಿ ನೋಡಿದರೆ ಸಾಕು. ಎದ್ದುಬಂದ ಹುಲ್ಲುಹೆಂಟೆ ಇಡ್ಲಿಯಷ್ಟು ದಪ್ಪವಾಗಿದ್ದರೆ ಕೈ ನೇಗಿಲಿನದು. ಹಪ್ಪಳದಷ್ಟು ತೆಳ್ಳಗಿದ್ದರೆ, ಅಥವಾ ಹುಲ್ಲು ಬರಿದೆ ಉಜ್ಜಿದಂತಾಗಿದ್ದರೆ, ಪೊರಕೆಯದು. ನೇಗಿಲಿನ ಕೈಗೆ ಬೌನ್ಸು ಹೆಚ್ಚಿರಬೇಕು, ತಳ ಅಗಲವಾಗಿರಬೇಕು. ಇಲ್ಲದಿದ್ದರೆ ಕೋಲು ನೆಲದಲ್ಲಿ ಸಿಕ್ಕಿಕೊಂಡು ಚೆಂಡು ಎರಡು ಮಾರು ಮುಂದೆ ಹೋಗಿ ಬೀಳುತ್ತದೆ. ಪೊರಕೆಯ ಕೈಗೆ ಬೌನ್ಸು ಕಡಮೆಯಿರಬೇಕು; ಇಲ್ಲದಿದ್ದರೆ ತಳವು ಚೆಂಡಿಗಿಂತ ಮೊದಲೇ ನೆಲಕ್ಕೆ ತಾಗಿ ಪುಟಿದು, ಮುಂದಿನ ಅಂಚು ಚೆಂಡಿನ ನಡುವಿಗೆ ಬಡಿಯುತ್ತದೆ. ಆಗ ಚೆಂಡು ಏಳುವುದಿಲ್ಲ. ಗುಂಡಿನಂತೆ ಗ್ರೀನನ್ನು ದಾಟಿ ಆಚೆಗೆ ಓಡುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಕೆತ್ತಿದ ಅಂಕಿಯು ಕೋಲು ನೆಟ್ಟಗಿರುವಾಗಿನದು. ಹೊಡೆಯುವಾಗ ಕೈಗಳು ಮುಂದಾಗಿ ಕೋಲಿನ ಹಿಡಿ ಐದು ಡಿಗ್ರಿ ಮುಂದಕ್ಕೆ ಬಾಗಿದರೆ, ಲಾಫ್ಟಿನಲ್ಲಿ ಐದು, ಬೌನ್ಸಿನಲ್ಲಿ ಐದು ಕಡಮೆಯಾದಂತೆಯೇ. ಮುಖವನ್ನು ಬಿಚ್ಚಿ ಹಿಡಿದರೆ ಎರಡೂ ಹೆಚ್ಚುತ್ತವೆ. ಆದಕಾರಣ ಹತ್ತು ಡಿಗ್ರಿಯ ಕೋಲು ಒಬ್ಬರ ಕೈಯಲ್ಲಿ ಐದಾಗಿಯೂ ಇನ್ನೊಬ್ಬರ ಕೈಯಲ್ಲಿ ಹದಿನಾಲ್ಕಾಗಿಯೂ ನಡೆದುಕೊಳ್ಳಬಹುದು. ಸ್ನೇಹಿತನ ಚೀಲವನ್ನು ನೋಡಿ ಅಂಥದೇ ಬೇಕೆನ್ನುವುದು ಅವನ ಕನ್ನಡಕವನ್ನು ಬೇಡಿದಂತೆ.

ಇನ್ನು ನೆಲದ ಮಾತು. ಈ ಆಟ ಬೆಳೆದ ಸ್ಕಾಟ್ಲೆಂಡಿನ ಕಡಲತೀರಗಳಲ್ಲಿ ಹುಲ್ಲಿನ ಕೆಳಗೆ ಮರಳು. ಮಳೆ ಸುರಿದರೂ ನೀರು ಬೇಗ ಇಂಗಿಹೋಗಿ ನೆಲ ಬಿಗಿಯಾಗಿಯೇ ಉಳಿಯುತ್ತದೆ. ಹುಲ್ಲು ತೆಳು, ಗಿಡ್ಡ. ಅಲ್ಲಿ ಹೊಟ್ಟೆಯ ಕೋಲು ಪುಟಿಯುತ್ತದೆ. ಸಣ್ಣ ತಳದ, ಕಡಮೆ ಬೌನ್ಸಿನ ಕೋಲು ಕಾವಲಿಗೂ ದೋಸೆಗೂ ನಡುವೆ ನುಗ್ಗುವ ಮಗುಚುವ ಕೈಯಂತೆ ಚೆಂಡಿನ ಕೆಳಗೆ ಹೋಗುತ್ತದೆ. ಒಳನಾಡಿನ ಜಿಗುಟು ಮಣ್ಣಿನ, ಸದಾ ತೇವದ ಮೈದಾನಗಳಲ್ಲಿ ಇದೇ ಕೋಲು ಕೊಡಲಿಯಾಗಿಬಿಡುತ್ತದೆ.

ಕನ್ನಡನಾಡಿನ ಬಯಲುಸೀಮೆಯಲ್ಲಿ ಕಷ್ಟ ಬೇರೆ ಬಗೆಯದು. ಇಲ್ಲಿ ಒಂದೇ ಮೈದಾನದೊಳಗೆ ಎರಡು ನೆಲಗಳಿರುತ್ತವೆ. ಬೇಸಗೆಯಲ್ಲಿ, ನೀರು ಹಾಯಿಸದ ಕಡೆಗಳಲ್ಲಿ, ಕೆಂಪುಮಣ್ಣು ಸುಟ್ಟ ಇಟ್ಟಿಗೆಯಾಗಿರುತ್ತದೆ. ಮುಂಗಾರು ಹಿಡಿದ ಮೇಲೆ ಅದೇ ಮಣ್ಣು ಕಲಸಿದ ಹಿಟ್ಟು. ಹುಲ್ಲಿನ ಸಂಗತಿಯೂ ಕೇಳತಕ್ಕದ್ದೇ. ಆಂಗ್ಲರು ಬರ್ಮ್ಯುಡ ಎಂದು ಕರೆಯುವ, ಬಿಸಿನಾಡುಗಳ ಗಾಲ್ಫ್ ಮೈದಾನಗಳಲ್ಲೆಲ್ಲ ಹಾಸಿರುವ ಹುಲ್ಲು ಬೇರಾವುದೂ ಅಲ್ಲ, ಗಣಪತಿಗೆ ಏರಿಸುವ ಗರಿಕೆಯೇ. ಗರಿಕೆ ನೆಲವನ್ನು ಹಿಡಿದು ಒಂದು ದಿಕ್ಕಿಗೆ ಹಬ್ಬುತ್ತದೆ. ಅದರ ದಿಕ್ಕಿಗೆ ಎದುರಾಗಿ ಹೊಡೆದರೆ ಹರಿತವಾದ ಅಂಚು ಅದರ ಗಿಣ್ಣುಗಳ ನಡುವೆ ತೊಡರಿಕೊಳ್ಳುತ್ತದೆ. ಅಲ್ಲಿ ನೆಲ ಗಟ್ಟಿಯೆಂದು ಬೌನ್ಸನ್ನು ಪೂರ್ತಿ ಬಿಟ್ಟವರೂ ಮೋಸಹೋಗುತ್ತಾರೆ. ಮರಳಿನಲ್ಲಿಯೂ ಭೇದವುಂಟು: ಹೊಸದಾಗಿ ಸುರಿದ, ಕಾಲು ಹೂಳುವ ಸಡಿಲ ಮರಳಿಗೆ ಅಗಲವಾದ ಹೊಟ್ಟೆ ಬೇಕು, ಮಳೆ ಹೊಡೆದು ಹೆಪ್ಪುಗಟ್ಟಿದ ಮರಳಿಗೆ ಬೇಡ.

ಬೆಂಗಳೂರಿನ ಒಬ್ಬ ನಿವೃತ್ತ ಇಂಜಿನಿಯರರಿಗೆ ಇದೆಲ್ಲ ತಿಳಿದುದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಪತ್ನಿ ತೀರಿಹೋದ ಮೇಲೆ ಅವರಿಗೆ ಬೆಳಗಿನ ಆಟವೊಂದೇ ಮನುಷ್ಯರ ನಡುವಿನ ಹೊತ್ತು. ಅಮೆರಿಕದ ಆರೆಗನ್ ಸೀಮೆಯಲ್ಲಿದ್ದ ಮಗ ತಂದೆಯ ಹುಟ್ಟುಹಬ್ಬಕ್ಕೆಂದು ಮೂರು ವೆಡ್ಜುಗಳನ್ನು ಕಳುಹಿಸಿದನು: 52, 56, 60, ಮೂರಕ್ಕೂ ಬೌನ್ಸು ಹನ್ನೆರಡರಿಂದ ಹದಿನಾಲ್ಕು. ಅವನ ಆಯ್ಕೆಯಲ್ಲಿ ದೋಷವಿರಲಿಲ್ಲ; ಆರೆಗನ್ನಿನ ಕರಾವಳಿ ಕಡೆ ತಿಂಗಳುಗಟ್ಟಲೆ ಮಳೆ, ನೆಲ ಮೆತ್ತಗೆ, ಅವನ ಕೈಯೂ ನೇಗಿಲಿನದೇ. ಆದರೆ ಕೋಲುಗಳು ಬೆಂಗಳೂರಿಗೆ ಬಂದುದು ಮಾರ್ಚಿಯಲ್ಲಿ. ಹೊಡೆದ ಚೆಂಡೆಲ್ಲ ನೆಲಕ್ಕಂಟಿಕೊಂಡು ಗ್ರೀನಿನಾಚೆ ಓಡತೊಡಗಿತು. ಇಂಜಿನಿಯರರು ಕೋಲನ್ನು ಸಂಶಯಿಸಲಿಲ್ಲ. ಮಗ ಕಳುಹಿಸಿದ್ದು, ಬೆಲೆಯುಳ್ಳದ್ದು; ತಪ್ಪು ಮುದಿಗೈಯದೇ ಎಂದುಕೊಂಡರು. ಏಪ್ರಿಲ್ಲಿನ ಹೊತ್ತಿಗೆ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದವರು ಒಂದು ದಿನಕ್ಕಿಳಿದರು. ಆ ಒಂದು ದಿನವೂ ಚೀಲವನ್ನು ಕ್ಯಾಡಿಯ ಕೈಗೆ ಕೊಡುತ್ತ, “ಇನ್ನು ಸಾಕಪ್ಪ, ವಯಸ್ಸಾಯಿತು” ಎಂದರು.

ಹದಿನೈದು ವರ್ಷದಿಂದ ಅವರ ಚೀಲ ಹೊತ್ತಿದ್ದ ಆ ಕ್ಯಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈ ಏನೂ ಆಗಿಲ್ಲ ಸಾರ್. ಕೋಲಿನ ಹೊಟ್ಟೆ ದಪ್ಪ ಆಯ್ತು. ಈ ನೆಲ ಅದನ್ನ ಒಳಕ್ಕೆ ಬಿಡ್ತಾ ಇಲ್ಲ” ಎಂದನು.

ಇಂಜಿನಿಯರರು ನಂಬಲಿಲ್ಲ. ಮರುವಾರ ಅವನು ಹೇಳಿದನೆಂದು ಹಳೆಯ ಸ್ಯಾಂಡ್ ವೆಡ್ಜನ್ನು ಅಟ್ಟದಿಂದಿಳಿಸಿ ತಂದರು. ಅವನು ಅದರ ತಳವನ್ನು ಮೇಲುಮಾಡಿ ಹಿಡಿದು ಬೆರಳಿನಿಂದ ತೋರಿಸಿದನು. “ನೋಡಿ ಸಾರ್, ಸವೆದಿರೋದೆಲ್ಲ ನಡು ತಳದಲ್ಲಿ. ಮುಂದಿನ ಅಂಚು ಹಂಗೇ ಇದೆ. ನೀವು ಅಗೆಯೋರಲ್ಲ, ಗುಡಿಸೋರು. ಇದು ಹೊಟ್ಟೆ ಇಲ್ಲದ ಕೋಲು, ಅದಕ್ಕೇ ನಿಮ್ಮ ಮಾತು ಕೇಳ್ತಾ ಇತ್ತು.”

ನಲವತ್ತು ವರ್ಷ ಸೇತುವೆಗಳ ಅಡಿಪಾಯ ನೋಡಿದವರಿಗೆ ತಳವನ್ನು ನೋಡಲು ಇನ್ನೊಬ್ಬರು ಹೇಳಬೇಕಾಯಿತು. ಅವರು ನಕ್ಕರು, ಬಹುದಿನದ ಮೇಲೆ ನಕ್ಕರು. “ಹಾಗಾದರೆ ಇವನ್ನೇನು ಮಾಡೋಣಪ್ಪ?” ಎಂದು ಕೇಳಿದ್ದಕ್ಕೆ, “56 ಇರಲಿ ಸಾರ್, ಮರಳಿಗೆ ಅದೇ ಬೇಕು, ಮಳೆಗಾಲಕ್ಕೂ ಆಗುತ್ತೆ. 52ರಲ್ಲಿ ಪೂರ್ತಿ ಹೊಡೀತೀರಿ, ಅದೂ ನಡೆಯುತ್ತೆ. 60 ಮಾತ್ರ ಕೊಟ್ಟುಬಿಡಿ” ಎಂಬ ಉತ್ತರ ಬಂದಿತು. ಅದರ ಬದಲಿಗೆ ಆರು ಡಿಗ್ರಿ ಬೌನ್ಸಿನ, ಯಾರೋ ಬಳಸಿ ಬಿಟ್ಟ ಒಂದು 58 ಚೀಲಕ್ಕೆ ಸೇರಿತು. ಭಾನುವಾರ ಮಗ ಫೋನು ಮಾಡಿ ಕೋಲುಗಳು ಹೇಗಿವೆಯೆಂದು ವಿಚಾರಿಸಿದಾಗ, ಮರಳಿನಲ್ಲಿ 56 ಬಹಳ ಸೊಗಸೆಂದು ಹೇಳಿದರು. ಅದು ನಿಜ. ಉಳಿದುದನ್ನು ಹೇಳಲಿಲ್ಲ. ಇಷ್ಟು ಮೌನಕ್ಕೆ ಯಾವ ಧರ್ಮಶಾಸ್ತ್ರವೂ ಅಡ್ಡಿಯಾಗಲಾರದು.

ಮರುವರ್ಷ ಶಿವರಾತ್ರಿಯ ಹೊತ್ತಿಗೆ ಮಗ ಬಂದನು. ತಂದೆಯನ್ನು ಅಣ್ಣ ಎಂದು ಕರೆಯುವ ಮನೆ ಅದು. ಮೈದಾನದಲ್ಲಿ ಚೀಲದೊಳಗೆ ಕೈಹಾಕಿ, “ಅಣ್ಣಾ, ಇದು ನಾನು ಕಳಿಸಿದ್ದಲ್ಲವಲ್ಲ?” ಎಂದನು. ಇಂಜಿನಿಯರರು ಮಾತಾಡದೆ ಒಣಗಿದ ನೆಲದ ಮೇಲೆ ಮೂರು ಚೆಂಡುಗಳನ್ನು ಉರುಳಿಸಿ, ಹೊಡೆಯೆಂದು ಸನ್ನೆಮಾಡಿದರು. ಅವನು ತನ್ನದೇ ಹೆಚ್ಚು ಬೌನ್ಸಿನ ಕೋಲಿನಿಂದ ಹೊಡೆದನು. ಮೂರೂ ಗ್ರೀನಿನಾಚೆ ಹೋದವು. ಕ್ಯಾಡಿ ಅವುಗಳನ್ನು ಹೆಕ್ಕಿಕೊಂಡು ಬರುವ ವೇಳೆಗೆ ಮಗ ತಂದೆಯ 58ನ್ನು ಹಿಡಿದು ಅದರ ತಳವನ್ನು ತಿರುಗಿಸಿ ನೋಡುತ್ತಿದ್ದನು.

ಲಾಫ್ಟಿನ ವಿಷಯ ಇದರಷ್ಟು ತೊಡಕಿನದಲ್ಲ. ಈಗಿನ ತಯಾರಕರು ದೂರದ ಆಸೆಗಾಗಿ ಪಿಚಿಂಗ್ ವೆಡ್ಜಿನ ಲಾಫ್ಟನ್ನು ತಗ್ಗಿಸುತ್ತ ಬಂದಿರುವುದರಿಂದ ಅದಕ್ಕೂ ಸ್ಯಾಂಡ್ ವೆಡ್ಜಿಗೂ ನಡುವೆ ದೊಡ್ಡ ಕಂದಕ ಬಿದ್ದಿದೆ. ಗ್ಯಾಪ್ ವೆಡ್ಜ್ ಹುಟ್ಟಿದ್ದು ಅದನ್ನು ತುಂಬಲು. ತನ್ನ ಪಿಚಿಂಗ್ ವೆಡ್ಜಿನ ಅಳತೆಯನ್ನು ಮೊದಲು ತಿಳಿದು, ಅಲ್ಲಿಂದ ನಾಲ್ಕೈದು ಡಿಗ್ರಿಗಳ ಮೆಟ್ಟಿಲುಗಳನ್ನಿಟ್ಟುಕೊಂಡು ಹೋದರೆ ಆಯಿತು. 60 ಡಿಗ್ರಿಯ ಕೋಲು ಪ್ರಸಿದ್ಧವಾದುದು 1980ರ ಸುಮಾರಿನಲ್ಲಿ ಟಾಮ್ ಕೈಟ್ ಎಂಬ ಅಮೆರಿಕದ ಆಟಗಾರನಿಂದ. ಅವನಿಗೆ ಅದನ್ನು ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ ಮಾಡುವ ಅವಕಾಶವಿತ್ತು. ವಾರಕ್ಕೊಮ್ಮೆ ಆಡುವ ಗೃಹಸ್ಥನಿಗೆ ಅದು ಹೆಚ್ಚಾಗಿ ಅಲಂಕಾರವೇ.

ಒಂದೇ ಕೋಲಿನಿಂದ ಎಲ್ಲವನ್ನೂ ಸಾಧಿಸಿದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಸ್ಪೇನಿನ ಸೆವೆ ಬ್ಯಾಲೆಸ್ಟೆರೋಸ್ ಹುಡುಗನಾಗಿದ್ದಾಗ ಪೆಡ್ರೆನ್ಯಾ ಎಂಬ ತನ್ನ ಹಳ್ಳಿಯ ಕಡಲದಂಡೆಯಲ್ಲಿ, ಮರಳಿಗೆ ಸ್ವಲ್ಪವೂ ಸಲ್ಲದ ಒಂದು ಹಳೆಯ ಮೂರನೆಯ ನಂಬರಿನ ಕಬ್ಬಿಣದಿಂದಲೇ ಎಲ್ಲ ಹೊಡೆತಗಳನ್ನೂ ಕಲಿತನು. ಮುಂದೆ 1979, 1984, 1988ರಲ್ಲಿ ಬ್ರಿಟಿಷ್ ಓಪನ್ ಗೆದ್ದನು. ಗೆಲ್ಲುವಾಗ ಮಾತ್ರ ಅವನ ಚೀಲದಲ್ಲಿ ಸ್ಯಾಂಡ್ ವೆಡ್ಜ್ ಇತ್ತು. ಬೆಂಗಳೂರಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಕ್ಯಾಡಿಯಾಗಿ ಆರಂಭಿಸಿದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೇರೆಯವರ ಚೀಲ ಹೊತ್ತು ನೆಲದ ಮೇಲೆ ವರ್ಷಗಟ್ಟಲೆ ನಡೆದವನಿಗೆ ನೆಲದ ಗುಣ ಗೊತ್ತಾಗುವಂತೆ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತವನಿಗೆ ಗೊತ್ತಾಗುವುದಿಲ್ಲ.

ಅಂಗಡಿಗಳಲ್ಲಿ ಹೊಡೆದು ನೋಡಲು ಹಾಸಿರುವ ಕೃತಕ ಹುಲ್ಲಿನ ಚಾಪೆಯೂ ಅಷ್ಟೆ. ಅದರ ಮೇಲೆ ಹಿಂದೆ ಬಿದ್ದ ಹೊಡೆತವೂ ಜಾರಿ ಮುಂದಕ್ಕೆ ಹೋಗಿ ಚೆಂಡನ್ನು ಹಾರಿಸುತ್ತದೆ. ಅಲ್ಲಿ ಎಲ್ಲ ಬೌನ್ಸೂ ಒಳ್ಳೆಯದೇ. ಸಾಧ್ಯವಾದರೆ ಕೋಲನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು, ತಳಕ್ಕೆ ಮಸಿ ಬಳಿದು, ತಾನಾಡುವ ಮೈದಾನದಲ್ಲಿಯೇ ಹತ್ತು ಹೊಡೆತ ಹೊಡೆದು, ಮಸಿ ಎಲ್ಲಿ ಅಳಿಯಿತೆಂದು ನೋಡುವುದು ಲೇಸು. ಮುಂದಿನ ಅಂಚಿನಲ್ಲಿ ಅಳಿದಿದ್ದರೆ ಬೌನ್ಸು ಸಾಲದು. ಹಿಂದಿನ ಅಂಚಿನಲ್ಲಿ ಮಾತ್ರ ಅಳಿದಿದ್ದರೆ ಹೆಚ್ಚಾಯಿತು. ಮುಖದ ಮೇಲಿನ ಗೀರುಗಳನ್ನೂ ಉಗುರಿನಿಂದ ಮುಟ್ಟಿ ನೋಡತಕ್ಕದ್ದು. ಚೆಂಡಿಗೂ ಕೋಲಿಗೂ ನಡುವೆ ಸಿಕ್ಕಿದ ನೀರು, ಹುಲ್ಲಿನ ರಸ ಜಾರಿಹೋಗುವುದು ಅವುಗಳ ಮೂಲಕವೇ. ಅವು ಸವೆದರೆ ಚೆಂಡು ಇಳಿದಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮೊದಲು ಸವೆಯುವುದು ಮರಳಿನಲ್ಲಿ ದುಡಿಯುವ ಸ್ಯಾಂಡ್ ವೆಡ್ಜು.

ಎರಡೇ ಕೊಳ್ಳಲು ಶಕ್ತಿಯಿರುವವರು, ಮರಳಿಗೆಂದು ಹೆಚ್ಚು ಬೌನ್ಸಿನ 54 ಅಥವಾ 56 ಒಂದನ್ನು, ಒಣನೆಲಕ್ಕೆಂದು ಕಡಮೆ ಬೌನ್ಸಿನ 58 ಒಂದನ್ನು ಇಟ್ಟುಕೊಂಡರೆ ಬಯಲುಸೀಮೆಯ ವರ್ಷವನ್ನೆಲ್ಲ ಕಳೆಯಬಹುದು. ಮೂರನೆಯದಕ್ಕೂ ಅನುಕೂಲವಿದ್ದರೆ, ಮಧ್ಯಮ ಬೌನ್ಸಿನ ಇನ್ನೊಂದು 58ನ್ನು ಮನೆಯಲ್ಲಿಟ್ಟು, ಮೃಗಶಿರೆಯ ಮಳೆ ಬಿದ್ದ ಮೇಲೆ ಒಂದನ್ನು ತೆಗೆದು ಮತ್ತೊಂದನ್ನು ಚೀಲಕ್ಕೆ ಸೇರಿಸಬಹುದು. ಹದಿನಾಲ್ಕರ ನಿಯಮ ಚೀಲಕ್ಕೆ ಮಾತ್ರ; ಅಟ್ಟಕ್ಕಿಲ್ಲ.